ಖಾನಾವಳಿಯ ಕನ್ನಡ

ಸೊಲ್ಲಾಪುರದ ಖಾನಾವಳಿಗಳ ಫಲಕಗಳನ್ನು ಓದುವವನಿಗೆ ಒಳಗೆ ಕನ್ನಡವಿದೆ ಎಂಬ ಸುಳಿವು ಮೊದಲ ನೋಟಕ್ಕೆ ಸಿಗುವುದಿಲ್ಲ. ಲಿಪಿ ದೇವನಾಗರಿ, ಒಕ್ಕಣೆ ಮರಾಠಿ. ಭಾಕರಿ, ಪಿಠಲ, ಭರಲಿ ವಾಂಗಿ, ಶೇಂಗಾ ಚಟಣಿ ಎಂದು ಪಟ್ಟಿ ಸಾಗುತ್ತದೆ. ಎರಡನೆಯ ಸಲ ಕಣ್ಣಾಡಿಸಿದರೆ ಮಾತ್ರ ಆ ಸಾಲಿನ ನಡುವೆ ಬೇರೆ ಮನೆಯಿಂದ ಬಂದು ಕುಳಿತ ಒಂದೆರಡು ಪದಗಳು ಕಾಣುತ್ತವೆ. ‘ಖಾರಬ್ಯಾಳಿ’ ಒಂದು. ಬೇಳೆಯನ್ನು ಬ್ಯಾಳಿ ಎನ್ನುವವರು ಕನ್ನಡಿಗರೇ ಹೊರತು ಬೇರೆಯವರಲ್ಲ. ‘ಹುಗ್ಗಿ’ ಇನ್ನೊಂದು. ಮರಾಠಿ ಮಾತಿನವರು ಇವೆರಡನ್ನೂ ತಮ್ಮವೆಂದೇ ಉಂಡು ಏಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ‘ಖಾನಾವಳಿ’ ಎಂಬ ಪದವನ್ನು ನಾವೂ ಮರಾಠಿಯಿಂದಲೇ ತಂದುಕೊಂಡು, ಹುಬ್ಬಳ್ಳಿ ವಿಜಯಪುರಗಳಲ್ಲಿ ನಮ್ಮದೇ ಎಂಬಂತೆ ಬಳಸುತ್ತಿದ್ದೇವೆ.  ಊಟದ ಪದಗಳಿಗೆ ಗಡಿಯ ಠಾಣೆ ಇರುವುದಿಲ್ಲ.

ಹಳೆಯ ಊರಿನ ಬಾಳಿವೇಸಿನ ಆಸುಪಾಸಿನಲ್ಲಿ ಇಂಥ ಒಂದು ಖಾನಾವಳಿ ಇದೆ. ವೇಸ ಎಂದರೆ ಊರಬಾಗಿಲು, ನಾವು ಅಗಸಿ ಎನ್ನುವುದು. ಖಾನಾವಳಿಯಲ್ಲಿ ಆರು ಮೇಜು, ಗೋಡೆಯ ಮೇಲೆ ಸಿದ್ಧರಾಮೇಶ್ವರರ ಪಟ, ಒಂದು ಮೂಲೆಯಲ್ಲಿ ನೀರಿನ ಪೀಪಾಯಿ. ಒಳಮನೆಗೂ ಊಟದ ಕೋಣೆಗೂ ನಡುವೆ ಬಾಗಿಲಿಲ್ಲ. ಅಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಹೆಂಗಸೇ ಮನೆಯೊಡತಿ. ಲೆಕ್ಕ ಮಗನದು, ಬಡಿಸುವುದು ಸೊಸೆ. ಮಂಡಿಯ ಹಮಾಲರು, ಕೋರ್ಟಿನ ಕೆಲಸಕ್ಕೆಂದು ಹಳ್ಳಿಯಿಂದ ಬಂದವರು, ಆಸ್ಪತ್ರೆಯಲ್ಲಿ ರೋಗಿಯನ್ನು ಇಟ್ಟುಕೊಂಡವರು ಮತ್ತು ವಿದ್ಯಾರ್ಥಿಗಳು ಇಲ್ಲಿಯ ಗಿರಾಕಿಗಳು. ಯಾರೂ ಬಹಳ ಹೊತ್ತು ಕೂಡುವುದಿಲ್ಲ. ಹೊರಗೆ ಇನ್ನೊಬ್ಬ ನಿಂತಿರುತ್ತಾನೆ.

ತಾಟು ಬರುವ ಕ್ರಮ ಬದಲಾಗುವುದಿಲ್ಲ. ಮೊದಲು ಹಸಿ ಉಳ್ಳಾಗಡ್ಡಿ, ಒಂದು ಚಿಟಿಕೆ ಉಪ್ಪು, ಶೇಂಗಾ ಹಿಂಡಿ. ಆಮೇಲೆ ಒಂದು ಕಾಳುಪಲ್ಯ, ಮಡಕಿಯದೋ ಹೆಸರಿನದೋ. ಚಳಿಗಾಲವಾದರೆ ಎಣ್ಣಿಗಾಯಿ, ಮಳೆ ಬಿದ್ದ ಮೇಲೆ ಪುಂಡಿಪಲ್ಯ. ಕೊನೆಗೆ ರೊಟ್ಟಿ, ಕೈಯಿಂದ ನೇರವಾಗಿ ತಾಟಿಗೆ. ರೊಟ್ಟಿ ತಣ್ಣಗಾಗಲು ಬಿಟ್ಟವನನ್ನು ಒಲೆಯ ಮುಂದಿನ ಹೆಂಗಸು ಕ್ಷಮಿಸುವುದಿಲ್ಲ.

ಈ ರೊಟ್ಟಿಯ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಗೋದಿಯಲ್ಲಿರುವ ಜಿಗುಟು ಜೋಳದ ಹಿಟ್ಟಿನಲ್ಲಿ ಇಲ್ಲ. ಲಟ್ಟಣಿಗೆಗೆ ಅದು ಸುಲಭದಲ್ಲಿ ಮಣಿಯದು. ಬಿಸಿನೀರು ಹಾಕಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಾಗ ಮಾತ್ರ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆ ಮೇಲೆ ಕೆಳಗೆ ಒಣಹಿಟ್ಟು ಉದುರಿಸಿ, ಒಂದು ಕೈಯಿಂದ ತಟ್ಟುತ್ತ ಇನ್ನೊಂದು ಕೈಯಿಂದ ಅಂಚನ್ನು ತಿರುಗಿಸುತ್ತ ಹೋಗಬೇಕು. ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುವುದು, ಹಿಟ್ಟು ಒಣಗಿ ಬಿರಿಯದಂತೆ. ತಿರುವಿ ಹಾಕಿ, ಕೊನೆಗೆ ಕೆಂಡದ ಮಗ್ಗುಲಿಗೆ ಆನಿಸಿದರೆ ಒಳಗಿನ ಹಬೆ ಎರಡು ಪದರುಗಳನ್ನು ಬೇರ್ಪಡಿಸಿ ರೊಟ್ಟಿ ಉಬ್ಬುತ್ತದೆ. ಜೋಳ ಹಳೆಯದಾಗಿದ್ದರೆ ಅಥವಾ ಹಿಟ್ಟು ಬೀಸಿ ಬಹಳ ದಿನಗಳಾಗಿದ್ದರೆ ಅಂಚು ಸೀಳುತ್ತದೆ. ಎಷ್ಟು ಕೈಚಳಕವಿದ್ದರೂ ಅದನ್ನು ಮುಚ್ಚಿಡಲಾಗದು. ‘ಹಿಟ್ಟು ಹಳೇದಾಗ್ಯದ’ ಎಂದು ಒಡತಿ ಗಿರಣಿಯವನನ್ನು ಬೈಯುವುದು ಇದಕ್ಕೇ.

ಜೋಳವೂ ಇಲ್ಲಿಯದೇ. ಭೀಮಾ, ಸೀನಾ ನದಿಗಳ ಎರಡೂ ಕಡೆಯ ಎರೆಭೂಮಿಯಲ್ಲಿ ಮಳೆಗಾಲದ ಹಸಿಯನ್ನೇ ನಂಬಿ ಹಿಂಗಾರಿಯಲ್ಲಿ ಬಿತ್ತುವ ಬಿಳಿಜೋಳ. ಅದರ ಹೆಸರಾದ ತಳಿ ಮಾಲದಾಂಡಿ. ಇದೇ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆಯ್ದು ತೆಗೆದ ಎಂ 35-1 ಎಂಬುದು ಗಡಿಯ ಆಚೀಚೆ ಎಲ್ಲ ರೈತರಿಗೂ ಗೊತ್ತು. ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಐಚ್ಛಿಕ ಕನ್ನಡ ಓದುವವರಿಗೆ ಮಂಗಳವೇಢೆ ಇನ್ನೊಂದು ಕಾರಣಕ್ಕೆ ಪರಿಚಿತ. ಕಲ್ಯಾಣಕ್ಕೆ ಹೋಗುವ ಮೊದಲು ಬಿಜ್ಜಳ ಅಲ್ಲಿದ್ದ, ಬಸವಣ್ಣನವರು ಅಲ್ಲಿಯೇ ಕರಣಿಕರಾಗಿದ್ದರು. ಭಂಡಾರದ ಲೆಕ್ಕ ಬರೆದವರು ಸಂಜೆ ಮನೆಗೆ ಹೋಗಿ ಏನು ಉಂಡಿರಬಹುದು ಎಂದು ನಮ್ಮ ಪಠ್ಯಗಳು ಕೇಳುವುದಿಲ್ಲ. ಕೇಳಿದರೆ ಉತ್ತರ ಬಹುಶಃ ಈ ತಾಟಿಗೆ ಹೆಚ್ಚು ದೂರದಲ್ಲಿ ಇರಲಾರದು.

ಖಾನಾವಳಿ ಎಂಬ ಸಂಸ್ಥೆ ಹಬ್ಬಿದ್ದು ಗಿರಣಿಗಳ ನೆರಳಿನಲ್ಲಿ. ಇಲ್ಲಿಯವರು ‘ಜುನೀ ಗಿರಣಿ’ ಎನ್ನುವ ಸೊಲ್ಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಕಂಪನಿ 1877ರಷ್ಟು ಹಿಂದಿನದು. ಬಳಿಕ ನರಸಿಂಗ ಗಿರ್ಜಿ, ಲಕ್ಷ್ಮಿ, ವಿಷ್ಣು ಮಿಲ್ಲುಗಳು ಬಂದವು. ತೆಲುಗು ಮಾತಿನ ಪದ್ಮಶಾಲಿಗಳು, ಕನ್ನಡದ ಹಳ್ಳಿಗರು, ಮರಾಠಿಯವರು ಒಂದೇ ಭೋಂಗಾ ಕೇಳಿ ಎದ್ದು ಒಂದೇ ಬಾಗಿಲಿನಲ್ಲಿ ಒಳಹೊಕ್ಕರು. ಹೆಂಡಿರು ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟುಬಂದವನಿಗೆ ದಿನಕ್ಕೆರಡು ಹೊತ್ತು ರೊಟ್ಟಿ ಬಡಿದು ಹಾಕುವವರು ಬೇಕಿತ್ತು. ಹಾಕಿದವರು ಹೆಚ್ಚಾಗಿ ಹೆಂಗಸರು; ಅವರಲ್ಲಿ ವಿಧವೆಯರಿದ್ದರು, ಗಂಡನಿದ್ದೂ ಇಲ್ಲದಂತಾದವರಿದ್ದರು. ಮುಂಬಯಿಯ ಗಿರಣಗಾಂವಿನಲ್ಲೂ ಹೀಗೆಯೇ ಇತ್ತು. ಅಲ್ಲಿ ಬಡ್ಡಿಯವರ ಕೈಗೆ ಸಿಕ್ಕಿದ್ದ ಇಂಥ ಹೆಂಗಸರನ್ನು ಒಟ್ಟುಗೂಡಿಸಿ, ಬ್ಯಾಂಕಿನ ಸಾಲ ದೊರೆಯುವಂತೆ ಮಾಡಲು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿದರು. ಇಂದು ಗಿರಣಿಗಳು ಮುಚ್ಚಿವೆ. ರೊಟ್ಟಿ ಬಡಿಯುವ ಸಪ್ಪಳ ಮುಂದುವರಿದಿದೆ.

ದೂರದ ಜಪಾನಿನಲ್ಲೂ ಬೀದಿಯ ಮೂಲೆಯ ರಾಮೆನ್ ಅಂಗಡಿಯದು ಇಂಥದೇ ಕಥೆ. ಗೋದಿಯ ಎಳೆಗಳನ್ನು ಬಿಸಿ ಸಾರಿನಲ್ಲಿ ಮುಳುಗಿಸಿ ಕೊಡುವ ಆ ತಿನಿಸು ಚೀನೀಯರೊಡನೆ ಅಲ್ಲಿಗೆ ಬಂದದ್ದು, ಹೆಸರೂ ಅಲ್ಲಿಂದಲೇ. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ತೆರೆದ ರೈರೈಕೆನ್ ಎಂಬ ಅಂಗಡಿಯಲ್ಲಿ ಅಡಿಗೆಯವರು ಚೀನೀಯರಾಗಿದ್ದರು. ಯುದ್ಧ ಮುಗಿದ ಮೇಲಿನ ಹಸಿವಿನ ವರುಷಗಳಲ್ಲಿ ಕೂಲಿಕಾರನ ಹೊಟ್ಟೆ ತುಂಬಿಸಿದ್ದು ಈ ಬಟ್ಟಲು. ಇಂದು ಜಪಾನ್ ಎಂದರೆ ರಾಮೆನ್ ಎನ್ನುವಷ್ಟು ಅದು ಆ ನೆಲದ್ದಾಗಿದೆ. ನಮ್ಮ ಹುಗ್ಗಿ ಮರಾಠಿ ಫಲಕವೇರಿದ್ದನ್ನು ಕಂಡು ಹುಬ್ಬೇರಿಸುವವರು ಇದನ್ನು ನೆನೆಯಬಹುದು.

ಬಾಳಿವೇಸಿನ ಆ ಖಾನಾವಳಿಗೆ ಒಬ್ಬ ವಿದ್ಯಾರ್ಥಿ ಬರತೊಡಗಿದ. ಊರು ಅಕ್ಕಲಕೋಟೆ ತಾಲೂಕಿನ ಮೈಂದರ್ಗಿಯ ಕಡೆಯ ಹಳ್ಳಿ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಕಾಲೇಜಿನಲ್ಲಿ ಐಚ್ಛಿಕ ಕನ್ನಡ. ‘ಇಲ್ಲಿದ್ದುಕೊಂಡು ಕನ್ನಡ ಓದಿ ಏನು ಮಾಡುತ್ತೀ?’ ಎಂದು ಕೋಣೆಯ ಗೆಳೆಯರು ಕೇಳುತ್ತಿದ್ದರು. ಅವನಲ್ಲಿ ಉತ್ತರವಿರಲಿಲ್ಲ. ಪೇಟೆಯಲ್ಲಿ, ಬಸ್ಸಿನಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಅವನು ಮರಾಠಿಯಲ್ಲೇ ಮಾತಾಡುತ್ತಿದ್ದ. ಯಾರೂ ಅವನನ್ನು ಬಲವಂತಪಡಿಸಿರಲಿಲ್ಲ; ಬಾಯಿ ತಾನಾಗಿಯೇ ಹಾಗೆ ತಿರುಗುತ್ತಿತ್ತು. ಕನ್ನಡ ತರಗತಿಯ ಗೋಡೆಗಳ ಒಳಗೆ ಹಳಗನ್ನಡದ ಪದ್ಯಗಳಿಗೆ ಅರ್ಥ ಹೇಳುವಾಗ ಮಾತ್ರ ಬಳಕೆಯಾಗುವ ಮಾತು ಎಂಬಂತೆ ಆಗಿಹೋಗಿತ್ತು.

ಮೊದಲ ದಿನ ಅವನು ತಾಟಿನ ಮುಂದೆ ಕುಳಿತು, ಎಲ್ಲರಂತೆ ಮರಾಠಿಯಲ್ಲಿ, ‘ಕಾಕೂ, ಇನ್ನೊಂದು ಭಾಕರಿ’ ಎಂದು ಕೂಗಿದ. ಅದಕ್ಕೆ ‘ಸ್ವಲ್ಪ ಹಿಂಡಿ’ ಎಂದೂ ಸೇರಿಸಿದ. ಒಲೆಯ ಮುಂದಿನ ಕೈ ತಡೆಯಿತು. ಮರಾಠಿಯವರು ಚಟಣಿ ಎನ್ನುತ್ತಾರೆ; ಹಿಂಡಿ ಎನ್ನುವುದಿಲ್ಲ.

‘ಯಾವ ಊರ ತಮ್ಮಾ ನಿಂದು?’

ಅವನು ಊರಿನ ಹೆಸರು ಹೇಳಿದ.

‘ಮತ್ತ ಮರಾಠಿ ಯಾಕ ಹಚ್ಚಿದಿ? ರೊಟ್ಟಿ ಕೇಳಲಾಕ ಮರಾಠಿ ಬೇಕೇನು?’

ಮಂಡಿಯ ಹಮಾಲರಿಬ್ಬರು ನಕ್ಕರು. ಅವರ ನಗುವೂ ಕನ್ನಡದ್ದೇ ಎಂದು ಅವನಿಗೆ ಆಗ ತಿಳಿಯಿತು. ಮರುದಿನದಿಂದ ಕಾಕು ಹೋಗಿ ‘ದೊಡ್ಡವ್ವ’ ಆಯಿತು. ಆ ದಿನದವರೆಗೆ ಅವನು ಎಣಿಸಿ ಎರಡು ರೊಟ್ಟಿ ಉಣ್ಣುತ್ತಿದ್ದ, ಬಳಿಕ ಮೂರಾದವು. ಇದಕ್ಕೆ ಕಾರಣ ಭಾಷೆಯೋ ಹಸಿವೋ ಎಂದು ನಿರ್ಣಯಿಸುವುದು ಕಷ್ಟ.

ಬೇಡಿ ಉಣ್ಣುವ ಮಾತು ಮನುಷ್ಯ ಕಲಿಯುವ ಮೊದಲ ಮಾತುಗಳಲ್ಲಿ ಒಂದು. ಅದನ್ನು ಬೇರೆ ನುಡಿಗೆ ಒಪ್ಪಿಸಿದವನಿಗೆ ತಾಯ್ನುಡಿಯಲ್ಲಿ ಉಳಿಯುವುದು ಪರೀಕ್ಷೆಯ ಉತ್ತರಗಳಷ್ಟೇ. ವಿದ್ಯಾರ್ಥಿ ಇದನ್ನು ಹೀಗೆ ಯೋಚಿಸಿದನೆಂದಲ್ಲ. ಆದರೆ ಕಾಲೇಜಿನಲ್ಲಿ ಪ್ರಾದೇಶಿಕ ಪದಗಳನ್ನು ಕೂಡಿಸುವ ಕೆಲಸ ಕೊಟ್ಟಾಗ ಅವನು ಗ್ರಂಥಾಲಯಕ್ಕೆ ಹೋಗಲಿಲ್ಲ; ಮಧ್ಯಾಹ್ನ ಮೂರರ ಮೇಲೆ, ಒಲೆ ತಣ್ಣಗಾಗುವ ಹೊತ್ತಿಗೆ, ಖಾನಾವಳಿಗೆ ಬಂದ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವುದಕ್ಕೆ ಸೊಲ್ಲಾಪುರವೆಲ್ಲ ಹುರಡಾ ಎನ್ನುತ್ತದೆ. ಪುಣೆಯವರು ದುಡ್ಡು ಕೊಟ್ಟು ‘ಹುರಡಾ ಪಾರ್ಟಿ’ಗೆ ಬರುತ್ತಾರೆ. ದೊಡ್ಡವ್ವನ ಬಾಯಲ್ಲಿ ಅದು ಸೀತನಿ. ಸೀ ಎಂದರೆ ಸಿಹಿ, ತನಿ ಎಂದರೆ ತೆನೆ. ಪದವನ್ನು ಬಿಡಿಸಿದಾಗ ವಿದ್ಯಾರ್ಥಿಗೆ ವ್ಯಾಕರಣದ ಪುಸ್ತಕದ ಸಮಾಸ ಪ್ರಕರಣ ಮೊದಲ ಸಲ ಬಾಯಿಗೆ ರುಚಿಸಿತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚೆಲ್ಲುವ ಚರಗ, ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಮದುವೆಯ ಮಾದಲಿ, ಗುರೆಳ್ಳಿನ ಹಿಂಡಿ, ಅಗಸಿಯ ಹಿಂಡಿ – ವಹಿಯ ಹಾಳೆಗಳು ತುಂಬಿದವು.

ಸೊಲ್ಲಾಪುರದ ಬಗ್ಗೆ ಕನ್ನಡದಲ್ಲಿರುವ ದೊಡ್ಡ ಕಥೆಯೂ ಹಸಿದವನಿಗೆ ಊಟ ಕೊಡುವ ಕಥೆಯೇ. ರಾಘವಾಂಕನ ಸಿದ್ಧರಾಮ ಚಾರಿತ್ರವನ್ನು ಓದಿದವರು ಬಲ್ಲರು. ಸೊನ್ನಲಿಗೆಯ ಹೊಲದಲ್ಲಿ ದನ ಕಾಯುವ ಹುಡುಗನ ಮುಂದೆ ಮಲ್ಲಯ್ಯ ಜಂಗಮನಾಗಿ ಬಂದು ನಿಲ್ಲುತ್ತಾನೆ, ಉಣ್ಣಲು ಬೇಡುತ್ತಾನೆ. ಹುಡುಗ ಊಟ ತರಲು ಮನೆಗೆ ಓಡಿ ಹಿಂತಿರುಗುವಷ್ಟರಲ್ಲಿ ಬೇಡಿದವನು ಅಲ್ಲಿಲ್ಲ. ‘ಮಲ್ಲಯ್ಯಾ’ ಎಂದು ಅಳುತ್ತ ಅವನು ಶ್ರೀಶೈಲದ ದಾರಿ ಹಿಡಿಯುತ್ತಾನೆ. ಆ ಹುಡುಗನೇ ಮುಂದೆ ಕೆರೆ ಕಟ್ಟಿಸಿ ಗುಡಿ ಎಬ್ಬಿಸಿದ ಸಿದ್ಧರಾಮ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಅವನ ಜಾತ್ರೆಗೆ, ಏಳು ನಂದಿಧ್ವಜಗಳು ಹೊರಡುವಾಗ, ಬಾಳಿವೇಸಿನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಖಾನಾವಳಿಯ ಒಲೆ ಆ ದಿನಗಳಲ್ಲಿ ರಾತ್ರಿಯೂ ಆರುವುದಿಲ್ಲ.

ಶನಿವಾರ ಮಧ್ಯಾಹ್ನ ವಿದ್ಯಾರ್ಥಿ ಎಸ್.ಟಿ. ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದ. ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಮುಂದಿನ ಬಸ್ಸು ತಡವಾದ ದಿನ ಅವನು ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ಪಂಕ್ತಿಗೆ ಕೂಡುತ್ತಿದ್ದ. 1988ರಲ್ಲಿ ಆರಂಭವಾದ ಈ ಛತ್ರದಲ್ಲಿ ಮುಂಬಯಿ, ಪುಣೆಗಳಿಂದ ಬರುವ ಭಕ್ತರಿಗೆ ದಿನಕ್ಕೆರಡು ಹೊತ್ತು ಊಟ ಉಚಿತ. ತಾಟು ತಾನಾಗಿ ಬರುತ್ತದೆ, ಬಡಿಸುವವರು ಸಾಲಾಗಿ ಬರುತ್ತಾರೆ, ಬೇಕಾದವನು ಕೈ ಒಡ್ಡಿದರೆ ಸಾಕು, ಬೇಡದವನು ಕೈ ಅಡ್ಡ ಹಿಡಿದರೆ ಸಾಕು. ಅದೊಂದು ದೊಡ್ಡ ವ್ಯವಸ್ಥೆ. ಅದರ ಅಚ್ಚುಕಟ್ಟನ್ನು ಯಾರಾದರೂ ಮೆಚ್ಚಲೇಬೇಕು. ಆದರೆ ಅಲ್ಲಿ ಯಾವ ಭಾಷೆಯೂ ಬೇಕಾಗುವುದಿಲ್ಲ. ಖಾನಾವಳಿಯಲ್ಲಿ ಕೇಳಬೇಕು, ಚೌಕಾಶಿ ಮಾಡಬೇಕು, ಖಾರ ಹೆಚ್ಚಾಯಿತೆಂದು ದೂರಬೇಕು, ‘ನಾಳಿ ಕೊಡ್ತೀನಿ’ ಎಂದು ಸಾಲ ಹೇಳಬೇಕು. ಗುಡಿಯ ಬೀದಿ ದಾಟಿ ಸಂತೆಯ ಕಡೆ ನಡೆದರೆ ಅಕ್ಕಲಕೋಟೆಯಲ್ಲೂ ದೂರು, ಚೌಕಾಶಿ, ಸಾಲ ಎಲ್ಲವೂ ಕನ್ನಡದಲ್ಲೇ ನಡೆಯುತ್ತವೆ. ಯಾತ್ರಿಕರು ಅಷ್ಟು ದೂರ ಬರುವುದಿಲ್ಲ.

ಒಂದು ಸೋಮವಾರ ದೊಡ್ಡವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಡಬ್ಬಿಯ ಹಿಂದಿನಿಂದ ಒಂದು ಲಗ್ನಪತ್ರಿಕೆ ತೆಗೆದು ಅವನ ಮುಂದಿಟ್ಟಳು. ಇಂಡಿಯ ಕಡೆಯ ತವರಿನಿಂದ ಬಂದದ್ದು. ಅಚ್ಚು ಕನ್ನಡ.

‘ಓದಿ ಹೇಳು. ನನಗ ಮಾತಾಡಲಾಕ ಬರ್ತದ, ಓದಲಾಕ ಬರಂಗಿಲ್ಲ.’

ಚಿಕ್ಕಂದಿನಲ್ಲಿ ಅವಳನ್ನು ಸೊಲ್ಲಾಪುರದ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು; ಹೋದ ನಾಲ್ಕು ವರ್ಷದ ಶಾಲೆ ಮರಾಠಿಯದು. ಮಗನದೂ ಹಾಗೆಯೇ. ತವರಿನ ಪತ್ರಗಳು ಬರುತ್ತಿದ್ದ ಕಾಲದಲ್ಲಿ ಯಾರಿಂದಲೋ ಓದಿಸುತ್ತಿದ್ದಳು. ಫೋನು ಬಂದ ಮೇಲೆ ಆ ಕಷ್ಟ ತಪ್ಪಿತ್ತು. ಲಗ್ನಪತ್ರಿಕೆ ಮಾತ್ರ ಇನ್ನೂ ಕಾಗದದಲ್ಲೇ ಬರುತ್ತದೆ. ಅವನು ಓದಿದ. ವಧುವಿನ ಹೆಸರು ಬಂದಾಗ ಅವಳು ‘ನಮ್ಮ ತಮ್ಮನ ಮೊಮ್ಮಗಳು’ ಎಂದಳು. ‘ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ’ ಎಂಬಲ್ಲಿ ತಡೆದು ಕೇಳಿದಳು:

‘ಹಂಗಂದ್ರ?’

‘ಎಲ್ಲಾರೂ ಬರ್ರಿ ಅಂತ, ದೊಡ್ಡವ್ವಾ.’

‘ಅಷ್ಟ ಅಂದ್ರ ಸಾಲದೇನು?’

ಕನ್ನಡ ಬಲ್ಲವಳಿಗೇ ಕನ್ನಡವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ ಆ ಗಳಿಗೆಯಲ್ಲಿ ವಿದ್ಯಾರ್ಥಿಗೆ ಸ್ವಲ್ಪ ನಾಚಿಕೆಯಾಯಿತು.

ಜಯದೇವಿತಾಯಿ ಲಿಗಾಡೆಯವರ ನೆನಪು ಇಲ್ಲಿ ಬಾರದೆ ಇರದು. ಇದೇ ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿದವರು. ಆಮೇಲೆ ತಾವೇ ಕನ್ನಡವನ್ನು ಸಾಧಿಸಿಕೊಂಡು ಸಿದ್ಧರಾಮನ ಮೇಲೆ ಮಹಾಕಾವ್ಯ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರೇ. ಕಾವ್ಯಕ್ಕೆ ಅವರು ಆರಿಸಿಕೊಂಡದ್ದು ತ್ರಿಪದಿ. ಪಂಡಿತರ ವೃತ್ತಗಳನ್ನು ಬಿಟ್ಟು ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುವ ಮಟ್ಟಿಗೆ ಹೋದರು ಎಂಬುದನ್ನು ಗಮನಿಸಬೇಕು. ಜೋಳ ಬೀಸುವ ಕೈಯ ತಿರುವಿಗೆ ಹೊಂದಿಕೊಂಡ ಛಂದಸ್ಸು ಅದು.

ವಿದ್ಯಾರ್ಥಿ ಪರೀಕ್ಷೆಗೆಂದು ಅಂಶಗಣದ ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದ. ತ್ರಿಪದಿಯ ಯಾವ ಸಾಲಿನಲ್ಲಿ ಎಷ್ಟು ವಿಷ್ಣುಗಣ, ಬ್ರಹ್ಮಗಣ ಎಲ್ಲಿ ಬೀಳಬೇಕು ಎಂದು ನಿದ್ದೆಯಲ್ಲೂ ಹೇಳಬಲ್ಲ. ಬೀಸುವ ಹಾಡು ಮಾತ್ರ ಒಂದೂ ಬಾರದು. ದೊಡ್ಡವ್ವನಿಗೆ ಹಾಡುಗಳು ಬರುತ್ತವೆ. ಬೀಸುಕಲ್ಲು ಹೋಗಿ ನಾಲ್ವತ್ತು ವರ್ಷವಾದರೂ ಹಿಟ್ಟು ನಾದುವಾಗ ಅವಳ ಬಾಯಲ್ಲಿ ಒಂದೆರಡು ಸಾಲು ಹೊರಳುತ್ತವೆ. ಅವಕ್ಕೆ ತ್ರಿಪದಿ ಎಂಬ ಹೆಸರಿದೆಯೆಂದು ಅವನು ಹೇಳಿದಾಗ ‘ಇರಲಿ’ ಎಂದಳು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜೋಳದ ರೊಟ್ಟಿ ದೊಡ್ಡ ಊರುಗಳ ದೊಡ್ಡ ಹೋಟೆಲುಗಳನ್ನು ಸೇರಿತು. ಖಡಕ್ ರೊಟ್ಟಿ, ಹಿಂಡಿ ಪೊಟ್ಟಣಗಳಲ್ಲಿ ಕುಳಿತು ದೂರ ಪ್ರಯಾಣ ಮಾಡುತ್ತವೆ. ಖಾನಾವಳಿಯ ಮಗ ಈಗ ಚೀಲದ ಜೋಳದ ದರವನ್ನು ವಾರಕ್ಕೊಮ್ಮೆ ವಿಚಾರಿಸುತ್ತಾನೆ. ಹಮಾಲನ ತಾಟಿನ ದರವನ್ನು ಎಷ್ಟು ಏರಿಸಬಹುದು ಎಂಬುದೇ ಅವನ ಚಿಂತೆ. ಏರಿಸಿದರೆ ಹಮಾಲ ವಡಾಪಾವಿಗೆ ಹೋಗುತ್ತಾನೆ. ಸೊಸೆಗೆ ರೊಟ್ಟಿ ಬಡಿಯಲು ಬರುತ್ತದೆ, ಆದರೆ ದಿನಕ್ಕೆ ಇನ್ನೂರು ಬಡಿಯುವ ಮನಸ್ಸಿಲ್ಲ. ಅವಳನ್ನು ದೂರುವವರು ಒಂದು ದಿನ ಆ ಒಲೆಯ ಮುಂದೆ ಕುಳಿತು ನೋಡಬೇಕು.

ಸೊಸೆಯ ಮಗಳು ಇಂಗ್ಲಿಷ್ ಶಾಲೆಯ ಮೂರನೆಯ ತರಗತಿ. ಲಗ್ನಪತ್ರಿಕೆ ಓದಿಸಿದ ವಾರದಲ್ಲೇ ದೊಡ್ಡವ್ವ ಮಾತು ತೆಗೆದಳು.

‘ಇಕಿಗಿ ಅ ಆ ಇ ಈ ಕಲಸು ತಮ್ಮಾ. ರೊಟ್ಟಿ ರೊಕ್ಕ ಬ್ಯಾಡ.’

‘ರೊಕ್ಕ ತಗೋರಿ ದೊಡ್ಡವ್ವಾ. ಕಲಸ್ತೀನಿ.’

ಸೋಮವಾರ, ಗುರುವಾರ ಎಂದು ಗೊತ್ತಾಯಿತು. ಒಲೆ ಆರಿದ ಮೇಲೆ, ಒರೆಸಿದ ಮೇಜಿನ ಮೇಲೆ, ಬಿಲ್ಲಿನ ಚೀಟಿಗಳ ಬೆನ್ನಿಗೆ. ಹುಡುಗಿ ಚುರುಕು. ಳಕಾರ ಅವಳಿಗೆ ತೊಡಕಾಗಲಿಲ್ಲ, ಮರಾಠಿಯಲ್ಲೂ ಅದಿದೆ. ತೊಡಕಾದದ್ದು ಎ, ಏ ಮತ್ತು ಒ, ಓ. ಮರಾಠಿ ಬರೆವಣಿಗೆಯಲ್ಲಿ ಇವಕ್ಕೆ ಒಂದೊಂದೇ ಅಕ್ಷರ. ಇಲ್ಲಿ ಎರಡೆರಡು ಯಾಕೆ ಎಂದು ಹಟ ಹಿಡಿದಳು. ವಿದ್ಯಾರ್ಥಿ ಹ್ರಸ್ವ, ದೀರ್ಘ ಎಂದು ವಿವರಿಸಲು ಹೊರಟು ಅರ್ಧಕ್ಕೆ ನಿಲ್ಲಿಸಿದ. ಚೀಟಿಯ ಮೇಲೆ ‘ಎಳೆ’ ಎಂದೂ ‘ಏಳು’ ಎಂದೂ ಬರೆದು ಎರಡನ್ನೂ ಓದಿಸಿದ. ಹುಡುಗಿ ಎರಡನ್ನೂ ಒಂದೇ ಉದ್ದಕ್ಕೆ ಎಳೆದು ಓದಿದಳು.

ಒಳಗೆ ಪಾತ್ರೆ ಬೋರಲು ಹಾಕುತ್ತಿದ್ದ ದೊಡ್ಡವ್ವ, ತಿರುಗಿಯೂ ನೋಡದೆ, ‘ಮೊದಲಿಂದು ಗಿಡ್ಡ ಐತಿ, ಗಿಡ್ಡ ಅನ್ನು’ ಎಂದಳು.